ದಿನಾ ಅರ್ಧ ಗಂಟೆ ಬಣ್ಣ: ದಿನಕ್ಕೊಂದು ಹೊಸ ಚಿತ್ರವೋ, ಒಂದೇ ಬದನೆಕಾಯಿಯೋ?

ಕರಿಮಣ್ಣು, ಕಲಬುರಗಿ

ಎಲ್ಲರಿಗೂ ನಮಸ್ಕಾರ. ವಯಸ್ಸು ನಲವತ್ತರ ಹತ್ತಿರ, ಆಫೀಸ್ ಕೆಲಸ. ಶಾಲೆಯ ಡ್ರಾಯಿಂಗ್ ಪಿರಿಯಡ್ ಬಿಟ್ಟರೆ ಬ್ರಷ್ ಹಿಡಿದವನಲ್ಲ. ಈಗ ಕಲಿಯಬೇಕು ಅನ್ನಿಸಿದೆ. ಮುಂಜಾನೆ ಆರರಿಂದ ಆರೂವರೆ ನನ್ನ ಹೊತ್ತು, ಆಗ ಮನೆಯಲ್ಲಿ ಯಾರೂ ನನ್ನನ್ನು ಕೇಳುವುದಿಲ್ಲ. ಸೂಪರ್ ಮಾರ್ಕೆಟ್ ಕಡೆ ಹೋಗಿ ಕ್ಯಾಮೆಲ್ ವಾಟರ್ ಕಲರ್ ಟ್ಯೂಬಿನ ಸೆಟ್ಟು, ಒಂದು ಡ್ರಾಯಿಂಗ್ ಪುಸ್ತಕ, ಮೂರು ಬ್ರಷ್ ತಂದಿದ್ದೇನೆ.

ಆನ್‌ಲೈನಿನಲ್ಲಿ ನೋಡಿದರೆ ಎಲ್ಲರೂ ‘ದಿನಕ್ಕೊಂದು ಚಿತ್ರ’ ಅನ್ನುತ್ತಾರೆ. ಒಂದು ದಿನ ಸೂರ್ಯಾಸ್ತ, ಮರುದಿನ ಗುಡ್ಡ, ಅದರ ಮರುದಿನ ಬೆಕ್ಕು. ನಾನೂ ಹಾಗೇ ಮಾಡುತ್ತಿದ್ದೇನೆ. ಆದರೆ ಮೊದಲಿನದಕ್ಕೂ ಈಗಿನದಕ್ಕೂ ಏನೂ ಫರಕು ಕಾಣುತ್ತಿಲ್ಲ. ಬಣ್ಣ ಎಲ್ಲ ಕೊನೆಗೆ ರಾಡಿ ಆಗುತ್ತದೆ. ಪೇಪರ್ ಉಬ್ಬಿ ಮುದುಡುತ್ತದೆ. ಆಕಾಶಕ್ಕೆ ನೀಲಿ ಹಚ್ಚುತ್ತಾ ಆ ಕಡೆ ಮುಟ್ಟುವಷ್ಟರಲ್ಲಿ ಈ ಕಡೆ ಒಣಗಿ ಗೆರೆ ಬಿದ್ದಿರುತ್ತದೆ. ಏಪ್ರಿಲ್ ತಿಂಗಳು, ಕಲಬುರಗಿ. ಜಾಸ್ತಿ ಹೇಳಬೇಕಿಲ್ಲ.

ಇರುವ ಅರ್ಧ ಗಂಟೆಯಲ್ಲಿ ಏನು ಮಾಡಿದರೆ ಕೈ ಮುಂದೆ ಹೋಗುತ್ತದೆ? ತಿಳಿದವರು ಹೇಳಿ.

ಡ್ರಾಯಿಂಗ್ ಮೇಷ್ಟ್ರು, ಸೇಡಂ

ನೀವು ಒಂದೇ ಅರ್ಧ ಗಂಟೆಯಲ್ಲಿ ನಾಲ್ಕು ಕೆಲಸ ಕಲಿಯಲು ಹೊರಟಿದ್ದೀರಿ. ಆಕಾರ ಬಿಡಿಸುವುದು, ನೆರಳು ಬೆಳಕು ಅಳೆಯುವುದು, ಬಣ್ಣ ಬೆರೆಸುವುದು, ನೀರು ಹತೋಟಿಗೆ ತರುವುದು. ನಾಲ್ಕೂ ಒಟ್ಟಿಗೆ ಬಂದರೆ ಯಾವುದು ತಪ್ಪಿತು ಅಂತಲೇ ಗೊತ್ತಾಗುವುದಿಲ್ಲ. ಅದಕ್ಕೇ ಫರಕು ಕಾಣುತ್ತಿಲ್ಲ.

ಹತ್ತು ಟ್ಯೂಬು ಪೆಟ್ಟಿಗೆಯಲ್ಲೇ ಇರಲಿ. ಒಂದೇ ಒಂದು ಗಾಢ ಬಣ್ಣ ತೆಗೆಯಿರಿ, ಬರ್ಂಟ್ ಅಂಬರ್ ಅನ್ನುವ ಕಡು ಕಂದು ಆದರೆ ಒಳ್ಳೆಯದು. ಪೇಪರಿನ ಮೇಲೆ ಐದು ಚೌಕ ಹಾಕಿ. ಮೊದಲನೆಯದು ಬರೀ ಪೇಪರ್. ಐದನೆಯದು ನಿಮ್ಮ ಕೈಲಾದಷ್ಟು ಕಡು. ನಡುವಿನ ಮೂರನ್ನು ನೀರು ಹೆಚ್ಚು ಕಡಿಮೆ ಮಾಡಿ ತುಂಬಿಸಬೇಕು. ನೀರಿನ ಅಳತೆ ಹೀಗೆ ನೆನಪಿಡಿ: ತಿಳಿ ಮಜ್ಜಿಗೆ, ಗಟ್ಟಿ ಮಜ್ಜಿಗೆ, ಮೊಸರು. ನಾನು ಮಕ್ಕಳಿಗೂ ಇದನ್ನೇ ಹೇಳುತ್ತೇನೆ, ಬೇಗ ತಲೆಗೆ ಹೋಗುತ್ತದೆ. ಜಲವರ್ಣ ಒಣಗಿದ ಮೇಲೆ ತಿಳಿಯಾಗುತ್ತದೆ. ಹಾಗಾಗಿ ಹಸಿ ಇದ್ದಾಗ ಸರಿ ಅನ್ನಿಸಿದ್ದು ಒಣಗಿದಾಗ ಸಪ್ಪೆ. ಎಷ್ಟು ತಿಳಿಯಾಗುತ್ತದೆ ಅನ್ನುವ ಅಂದಾಜು ಈ ಐದು ಚೌಕದಿಂದಲೇ ಬರಬೇಕು.

ಅದಾದ ಮೇಲೆ ಒಂದು ವಸ್ತು. ಒಂದೇ. ಕಿಟಕಿ ಪಕ್ಕ ಇಡಿ, ಮನೆಯ ಲೈಟು ಆರಿಸಿ, ಬೆಳಕು ಒಂದೇ ಕಡೆಯಿಂದ ಬೀಳಲಿ. ಕಣ್ಣು ಅರ್ಧ ಮುಚ್ಚಿ ನೋಡಿ. ಸಣ್ಣಪುಟ್ಟ ವಿವರ ಮಾಯವಾಗಿ ಮೂರು ನಾಲ್ಕು ದೊಡ್ಡ ತುಂಡುಗಳು ಮಾತ್ರ ಉಳಿಯುತ್ತವೆ: ಬೆಳಕಿನ ಭಾಗ, ನಡುವಿನದು, ನೆರಳು, ನೆಲದ ಮೇಲೆ ಬಿದ್ದ ನೆರಳು. ಅಷ್ಟನ್ನೇ ಹಚ್ಚಿ. ನಮ್ಮ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಓದಿದವರಿಗೆ ಇದು ಗೊತ್ತು. ಲೋಟ, ತಂಬಿಗೆ, ಚೆಂಡು ಇಟ್ಟು ಬಿಡಿಸಲು ಹೇಳುತ್ತಿದ್ದರು. ಆಗ ಬೇಸರ ಬರುತ್ತಿತ್ತು, ಆದರೆ ಅದರಲ್ಲಿ ಅರ್ಥ ಇತ್ತು.

ತೊಗರಿಬ್ಯಾಳಿ, ಶಹಾಬಾದ್

ಸರ್ ಹೇಳಿದ್ದು ಖರೆ. ವಸ್ತು ಯಾವುದು ಅಂತ ಕೇಳಿದರೆ ನಾನು ಬದನೆಕಾಯಿ ಅನ್ನುತ್ತೇನೆ. ಎಲ್ಲರೂ ಮೊಟ್ಟೆ, ಸೇಬು ಅನ್ನುತ್ತಾರೆ. ಮೊಟ್ಟೆ ಪೂರ್ತಿ ಬಿಳಿ, ಹೊಸಬರಿಗೆ ಅದರ ನೆರಳು ಕಾಣುವುದೇ ಕಷ್ಟ. ಬದನೆಕಾಯಿ ಹಾಗಲ್ಲ. ಮೈ ಕಡು, ಅದರ ಮೇಲೆ ಒಂದು ಹೊಳಪು, ಆ ಹೊಳಪಿನ ಅಂಚು ಚೂಪು. ಅಷ್ಟು ಜಾಗ ಪೇಪರ್ ಬಿಳಿ ಬಿಟ್ಟರೆ ಸಾಕು, ಕಾಯಿ ಗುಂಡಗೆ ಎದ್ದು ಬರುತ್ತದೆ. ಬಣ್ಣಕ್ಕೆ ಬಂದಾಗ ನೇರಳೆಯ ಪಕ್ಕದಲ್ಲೇ ತೊಟ್ಟಿನ ಹಸಿರು ಸಿಗುತ್ತದೆ. ಚಿತ್ರ ಮುಗಿದ ಮೇಲೆ ಎಣ್ಣೆಗಾಯಿಗೂ ಆಗುತ್ತದೆ.

ಪೇಪರಿನ ಮಾತು. ಶಾಲೆಯ ಡ್ರಾಯಿಂಗ್ ಪುಸ್ತಕ ಪೆನ್ಸಿಲ್ಲಿಗೆ. ಅದರ ಮೇಲೆ ನೀರು ಬಿದ್ದರೆ ಉಬ್ಬಲೇಬೇಕು, ನಿಮ್ಮ ಕೈಯದು ಏನೂ ತಪ್ಪಿಲ್ಲ. 300 ಜಿಎಸ್‌ಎಂ ತೂಕದ ದಪ್ಪ ವಾಟರ್ ಕಲರ್ ಪೇಪರ್ ತನ್ನಿ. ಹತ್ತಿ ಸ್ವಲ್ಪ ಬೆರೆತದ್ದಾದರೆ ಇನ್ನೂ ಒಳ್ಳೆಯದು, 25 ಪರ್ಸೆಂಟ್ ಹತ್ತಿಯದು ಸಾಕು. ಫುಲ್ ಶೀಟ್ ಅಂದರೆ 22 ಇಂಚು 30 ಇಂಚು. ಅದನ್ನು ಉದ್ದ ಅಡ್ಡ ಮೂರು ಸಲ ಅರ್ಧ ಮಾಡುತ್ತಾ ಹೋದರೆ ಎಂಟು ತುಂಡು, ನಾಲ್ಕು ಸಲ ಮಾಡಿದರೆ ಹದಿನಾರು. ಆ ಹದಿನಾರರಲ್ಲಿ ಒಂದು ತುಂಡು ಸುಮಾರು ಎರಡು ಪೋಸ್ಟ್ ಕಾರ್ಡಿನಷ್ಟು. ದಿನದ ಅಭ್ಯಾಸಕ್ಕೆ ಅಷ್ಟೇ ಇರಲಿ. ಮಕ್ಕಳ ಪರೀಕ್ಷೆ ಪ್ಯಾಡಿಗೆ ನಾಲ್ಕೂ ಕಡೆ ಪೇಪರ್ ಟೇಪ್ ಹಚ್ಚಿ ಅಂಟಿಸಿ. ಹಿಂದುಗಡೆಯೂ ಚಿತ್ರ ತೆಗೆಯಬಹುದು, ನಾನು ಬಿಡುವುದೇ ಇಲ್ಲ.

ಬಣ್ಣ ಅಗ್ಗದ್ದಾದರೂ ನಡೆಯುತ್ತದೆ, ಪೇಪರ್ ನಡೆಯುವುದಿಲ್ಲ. ಅಂಗಡಿಯವರು ಇದನ್ನು ತಿರುವು ಮುರುವು ಹೇಳುತ್ತಾರೆ, ಯಾಕೆಂದರೆ ಬಣ್ಣದ ಸೆಟ್ಟು ಮಾರುವುದು ಸುಲಭ.

ಲಾಸ್ಟ್ ಬೆಂಚ್, ಕಲಬುರಗಿ

ಕ್ಷಮಿಸಿ ಸರ್, ಅಕ್ಕಾ. ನನ್ನದು ಬೇರೆ ಅಭಿಪ್ರಾಯ. ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ. ದಿನಾ ಹೊಸ ಚಿತ್ರ ಮಾಡಿದ್ದರಿಂದಲೇ ನಾನು ಇನ್ನೂ ಬಿಟ್ಟಿಲ್ಲ. ಒಂದೇ ಬದನೆಕಾಯಿ ತಿಂಗಳುಗಟ್ಟಲೆ ಅಂದರೆ ಯಾರಿಗೆ ಮನಸ್ಸು ಬರುತ್ತದೆ? ಹೊಸಬರಿಗೆ ಮೊದಲು ಬೇಕಾದದ್ದು ಹುರುಪು. ನಾಳೆ ಏನು ಬಿಡಿಸಲಿ ಅಂತ ರಾತ್ರಿಯೇ ತಲೆಯಲ್ಲಿ ಓಡುತ್ತಿರಬೇಕು. ನಾನು ಗುಮ್ಮಟ ಬಿಡಿಸಿದೆ, ಬಸ್ ಸ್ಟ್ಯಾಂಡ್ ಬಿಡಿಸಿದೆ, ಮಂಡಕ್ಕಿ ಗಾಡಿ ಬಿಡಿಸಿದೆ. ಚೆನ್ನಾಗಿ ಬಂದಿಲ್ಲ, ಆದರೆ ಯಾವುದು ಬಿಡಿಸಲಿಕ್ಕೂ ಈಗ ಹೆದರಿಕೆ ಇಲ್ಲ. ಅದೂ ಕಲಿಕೆಯೇ ಅಲ್ವಾ?

ಬೋರ್ಡ್ ಕಾಕಾ, ಯಾದಗಿರಿ

ತಮ್ಮಾ, ಹೆದರಿಕೆ ಹೋಗಿದ್ದು ಒಳ್ಳೆಯದು. ಆದರೆ ಕೈ ಹೇಳಿದ ಮಾತು ಕೇಳುತ್ತದೆಯೋ ಇಲ್ಲವೋ ನೋಡು.

ನಾನು ಅಂಗಡಿ ಬೋರ್ಡ್ ಬರೆದೇ ಸಂಸಾರ ನಡೆಸಿದವನು. ಫ್ಲೆಕ್ಸ್ ಬಂದ ಮೇಲೆ ಕೆಲಸ ನಿಂತಿತು, ಅದು ಬೇರೆ ಕಥೆ. ನಮ್ಮ ಕೆಲಸದಲ್ಲಿ ಹೊಸ ಹುಡುಗ ಬಂದರೆ ಮೊದಲು ಬ್ರಷ್ ತೊಳೆಯಬೇಕು, ಆಮೇಲೆ ಹಿನ್ನೆಲೆ ತುಂಬಬೇಕು, ಆಮೇಲೆ ಬರೀ ಗೆರೆ. ಉದ್ದ ಗೆರೆ, ಅಡ್ಡ ಗೆರೆ, ಅರ್ಧ ಚಂದ್ರ. ಕನ್ನಡ ಅಕ್ಷರದಲ್ಲಿ ನೇರ ಗೆರೆ ಕಡಿಮೆ, ಎಲ್ಲ ಗುಂಡು. ‘ಠ’ ಬರೆದರೆ ಬ್ರಷ್ ಎತ್ತದೆ ಸುತ್ತು ಮುಗಿಯಬೇಕು, ಸುರುವಾದ ದಪ್ಪ ಕೊನೆವರೆಗೂ ಇರಬೇಕು. ಆ ಹದ ಬೆರಳಿನಿಂದ ಬರುವುದಿಲ್ಲ, ಭುಜದಿಂದ ಬರುತ್ತದೆ. ಹಳೇ ಪೇಪರ್ ಹಾಸಿ, ಪೋಸ್ಟರ್ ಕಲರ್ ಕಲಸಿ, ನಿತ್ಯ ಐದು ನಿಮಿಷ ಇದನ್ನು ಮಾಡಿದರೆ ನಿಮ್ಮ ಬದನೆಕಾಯಿಯ ಅಂಚು ತಾನಾಗಿ ನೆಟ್ಟಗಾಗುತ್ತದೆ. ಬ್ರಷ್ಷನ್ನು ಪೆನ್ನಿನ ಹಾಗೆ ಮೂತಿಯ ಹತ್ತಿರ ಹಿಡಿಯಬೇಡಿ. ಹಿಂದೆ ಹಿಡಿಯಿರಿ.

ಇನ್ನೊಂದು ಮಾತು. ಎಲ್ಲರೂ ಹೊಸಬರ ಕೈಗೆ ವಾಟರ್ ಕಲರ್ ಯಾಕೆ ಕೊಡುತ್ತಾರೋ ನನಗೆ ತಿಳಿಯದು. ಬಣ್ಣಗಳಲ್ಲೇ ಕಠಿಣ ಅದು. ಒಂದು ಸಲ ಕಡು ಬಿತ್ತು ಅಂದರೆ ಮತ್ತೆ ಬೆಳ್ಳಗೆ ಮಾಡಲು ಬರುವುದಿಲ್ಲ. ಪೋಸ್ಟರ್ ಕಲರ್ ಆದರೆ ಕಡು ಬಣ್ಣದ ಮೇಲೆ ತಿಳಿ ಬಣ್ಣ ಕೂರುತ್ತದೆ. ನಮ್ಮ ಕಲಬುರಗಿಯ ಎಸ್.ಎಂ. ಪಂಡಿತರನ್ನೇ ನೋಡಿ. 1916ರಲ್ಲಿ ಇಲ್ಲೇ ಹುಟ್ಟಿ, ಮದ್ರಾಸ್, ಮುಂಬೈಗೆ ಹೋಗಿ ಕಲಿತು ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ಮಾಡಿದವರು. ಸಿನಿಮಾ ಕೆಲಸಕ್ಕೆ ಅವರು ಹಿಡಿದದ್ದು ಗ್ವಾಶ್, ಅದೂ ಇದೇ ಜಾತಿಯ ಮುಚ್ಚುವ ಬಣ್ಣ. ಈಗಿನ ಹುಡುಗರಿಗೆ ಅವರ ಹೆಸರಿನ ರಂಗಮಂದಿರ ಗೊತ್ತು, ಚಿತ್ರ ಗೊತ್ತಿಲ್ಲ.

ಡ್ರಾಯಿಂಗ್ ಮೇಷ್ಟ್ರು, ಸೇಡಂ

ಕಾಕಾ, ಭುಜದ ಮಾತು ಚಿನ್ನ. ಪೋಸ್ಟರ್ ಕಲರಿನ ಮಾತಿಗೆ ಅರ್ಧ ಒಪ್ಪುತ್ತೇನೆ.

ಅದರಲ್ಲೂ ತೊಡಕಿದೆ. ದಪ್ಪ ಹಚ್ಚಿದರೆ ಒಣಗಿ ಬಿರುಕು ಬಿಡುತ್ತದೆ. ಕೆಳಗಿನ ಪದರ ಒಣಗಿದ್ದರೂ ಮೇಲೆ ಹಸಿ ಬ್ರಷ್ ಉಜ್ಜಿದರೆ ಕರಗಿ ಮೇಲೆ ಬರುತ್ತದೆ. ಮತ್ತೆ, ತಿಳಿ ಬಣ್ಣ ಒಣಗಿದಾಗ ಸ್ವಲ್ಪ ಕಡುವಾಗುತ್ತದೆ, ಕಡು ಬಣ್ಣ ಸ್ವಲ್ಪ ತಿಳಿಯಾಗುತ್ತದೆ. ಹೊಸಬರು ಕಂಗಾಲಾಗುವುದು ಇಲ್ಲೇ. ಆದರೂ ತಿದ್ದಲು ಬರುತ್ತದೆ ಅನ್ನುವುದು ದೊಡ್ಡ ಅನುಕೂಲ, ಇಲ್ಲ ಅನ್ನುವುದಿಲ್ಲ.

ಕರಿಮಣ್ಣು ಅವರೇ, ನಿಮ್ಮ ಹತ್ತಿರ ಈಗ ವಾಟರ್ ಕಲರ್ ಇದೆ. ಅದರಲ್ಲೇ ಮುಂದುವರಿಯಿರಿ. ಪ್ರತಿ ವಾರ ಬಣ್ಣದ ಜಾತಿ ಬದಲಾಯಿಸುವವರು ಯಾವುದನ್ನೂ ಕಲಿಯುವುದಿಲ್ಲ. ನನ್ನ ಅನುಭವದಲ್ಲಿ ಅಂಥವರ ಮನೆಯಲ್ಲಿ ಸಾಮಾನು ಜಾಸ್ತಿ, ಚಿತ್ರ ಕಡಿಮೆ.

ಕರಿಮಣ್ಣು, ಕಲಬುರಗಿ

ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಪೇಪರ್ ತರುತ್ತೇನೆ. ಆದರೆ ಒಣಗುವ ವಿಷಯ ಯಾರೂ ಹೇಳಲಿಲ್ಲ. ಫ್ಯಾನ್ ಹಾಕಿದರೆ ಬಣ್ಣ ಒಣಗುತ್ತದೆ, ಹಾಕದಿದ್ದರೆ ನಾನೇ ಒಣಗುತ್ತೇನೆ.

ಕೆಂಪುಕಲ್ಲು, ಬೀದರ್

ಇದಕ್ಕೆ ನಾನು ಹೇಳುತ್ತೇನೆ. ಬೀದರ್ ನಿಮ್ಮಷ್ಟು ಸುಡುವುದಿಲ್ಲ, ಆದರೂ ಬೇಸಿಗೆಯಲ್ಲಿ ಗಾಳಿ ಒಣ. ಪುಸ್ತಕದಲ್ಲಿ, ವಿಡಿಯೋದಲ್ಲಿ ಹೇಳುವ ಹೊತ್ತಿನ ಲೆಕ್ಕವೆಲ್ಲ ತಣ್ಣನೆಯ ದೇಶದ್ದು. ‘ಐದು ನಿಮಿಷ ಕಾದು ಎರಡನೇ ಬಣ್ಣ ಬಿಡಿ’ ಅನ್ನುತ್ತಾರೆ. ನಮ್ಮಲ್ಲಿ ಐದು ನಿಮಿಷಕ್ಕೆ ಹಪ್ಪಳ ಆಗಿರುತ್ತದೆ.

ಮೊದಲನೆಯದು, ಹಚ್ಚುವ ಮುಂಚೆಯೇ ಬಣ್ಣ ಜಾಸ್ತಿ ಕಲಸಿಡಿ. ಆಕಾಶ ಅರ್ಧ ಆದಾಗ ಬಣ್ಣ ಮುಗಿದು ಮತ್ತೆ ಕಲಸಲು ಹೋಗುತ್ತೇವಲ್ಲ, ಗೆರೆ ಬೀಳುವುದು ಆಗಲೇ. ದೊಡ್ಡ ಬ್ರಷ್ ಹಿಡಿಯಿರಿ, ಹತ್ತು ಅಥವಾ ಹನ್ನೆರಡನೇ ನಂಬರಿನ ರೌಂಡ್. ಪ್ಯಾಡಿನ ಮೇಲ್ಭಾಗಕ್ಕೆ ಒಂದು ಪುಸ್ತಕ ಆನಿಸಿ ಸ್ವಲ್ಪ ಇಳಿಜಾರು ಮಾಡಿ. ಹಚ್ಚಿದ ಬಣ್ಣದ ಕೆಳ ಅಂಚಿನಲ್ಲಿ ನೀರು ಮಣಿ ಕಟ್ಟಿ ನಿಲ್ಲುತ್ತದೆ. ಆ ಮಣಿಯನ್ನು ಮುಂದಿನ ಗೆರೆಗೆ ಎಳೆಯುತ್ತಾ ಬನ್ನಿ. ಮಣಿ ಒಡೆಯಬಾರದು, ಒಣಗಬಾರದು.

ಎರಡನೆಯದು, ದೊಡ್ಡ ಆಕಾಶ ಬೇಕಾದ ದಿನ ಟೇಪ್ ಬೇಡ. ಪೇಪರಿನ ಎರಡೂ ಕಡೆ ಚೆನ್ನಾಗಿ ತೋಯಿಸಿ ಗಾಜಿನ ಮೇಲೋ ಪ್ಲಾಸ್ಟಿಕ್ ಹಲಗೆಯ ಮೇಲೋ ಹಾಸಿ. ಹಿಂದಿನ ನೀರು ಹೀರಿಕೊಳ್ಳುತ್ತಾ ಪೇಪರ್ ಬಹಳ ಹೊತ್ತು ಹಸಿ ಇರುತ್ತದೆ.

ಮೂರನೆಯದು ನಮ್ಮ ಕಡೆಯ ಉಪಾಯ. ಫ್ಯಾನ್ ಬಂದ್ ಮಾಡಿ, ಕೂಲರ್ ಹಾಕಿ, ಅದರ ಗಾಳಿ ನೇರವಾಗಿ ತಾಗದ ಮೂಲೆಯಲ್ಲಿ ಕೂಡಿ. ಕೂಲರ್ ಗಾಳಿಯಲ್ಲಿ ನೀರಿನ ಅಂಶ ಇರುತ್ತದೆ, ಬಣ್ಣ ನಿಧಾನ ಒಣಗುತ್ತದೆ, ನಿಮಗೂ ತಂಪು. ಬಣ್ಣದ ನೀರಿಗೆ ಗ್ಲಿಸರಿನ್ ಒಂದೆರಡು ಹನಿ ಹಾಕುವವರೂ ಇದ್ದಾರೆ. ಕೈ ತಪ್ಪಿ ಜಾಸ್ತಿ ಬಿದ್ದರೆ ಚಿತ್ರ ಅಂಟಂಟು ಆಗಿ ಒಣಗುವುದೇ ಇಲ್ಲ, ಹುಷಾರು. ಬೋರಿನ ಗಡಸು ನೀರು ಬಿಟ್ಟು ಕುಡಿಯುವ ಫಿಲ್ಟರ್ ನೀರು ಬಳಸಿ.

ಈಗ ಒಂದೇ ವಸ್ತುವಿನ ಜಗಳ. ನಮ್ಮ ಓಣಿಯಲ್ಲಿ ಬಿದ್ರಿ ಕೆಲಸದವರು ಇದ್ದಾರೆ. ಸತು ತಾಮ್ರದ ಎರಕದ ಹೂಜಿಗೆ ಮೈಲುತುತ್ತ ಉಜ್ಜಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುತ್ತಾರೆ. ಅದರ ಮೇಲೆ ಮೊಳೆಯಂಥ ಚೂಪು ಸಲಕರಣೆ ಹಿಡಿದು ಬಳ್ಳಿ, ಹೂ ಗೀಚುತ್ತಾರೆ. ಮುಂದೆ ಕೆತ್ತಿ ಬೆಳ್ಳಿ ತಂತಿ ಕೂರಿಸುವುದು ಆ ಗೆರೆಯಲ್ಲೇ. ಸ್ಕೇಲ್ ಇಲ್ಲ, ಅಚ್ಚು ಇಲ್ಲ, ಕೈಯಿಂದಲೇ. ಅದೇ ಬಳ್ಳಿ, ಅದೇ ಹೂ, ವರ್ಷಾನುಗಟ್ಟಲೆ. ಹತ್ತಿರ ಕುಳಿತು ನೋಡಿದರೆ ತಿಳಿಯುತ್ತದೆ, ಎರಡು ಹೂಜಿಯ ಬಳ್ಳಿ ಒಂದೇ ಥರ ಇರುವುದಿಲ್ಲ. ಹೂಜಿಯ ಹೊಟ್ಟೆ ಎಲ್ಲಿ ಉಬ್ಬಿದೆ ನೋಡಿ ಅಲ್ಲಿಗೆ ತಕ್ಕ ಹಾಗೆ ಬಳ್ಳಿ ಹಿಗ್ಗಿಸುತ್ತಾರೆ. ಒಂದನ್ನೇ ಮಾಡುವವನಿಗೆ ಬೇಸರ ಬರುತ್ತದೆ ಅನ್ನುವವರು ಅಲ್ಲಿ ಒಂದು ಗಂಟೆ ಕೂಡಬೇಕು.

ಲಾಸ್ಟ್ ಬೆಂಚ್, ಕಲಬುರಗಿ

ಅಕ್ಕಾ, ಅದು ಅವರ ಹೊಟ್ಟೆಪಾಡು. ನಮ್ಮದು ಖುಷಿಗೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಕೆಂಪುಕಲ್ಲು, ಬೀದರ್

ಆ ಮಾತು ಒಪ್ಪುತ್ತೇನೆ. ಆದರೆ ಕರಿಮಣ್ಣು ಅಣ್ಣ ಕೇಳಿದ್ದು ಖುಷಿ ಹೇಗೆ ಪಡಲಿ ಅಂತ ಅಲ್ಲ, ಫರಕು ಯಾಕೆ ಕಾಣುತ್ತಿಲ್ಲ ಅಂತ. ನಿನ್ನೆ ಬೆಕ್ಕು, ಇವತ್ತು ಗುಡ್ಡ ಆದರೆ ಯಾವುದಕ್ಕೆ ಯಾವುದನ್ನು ಹೋಲಿಸುತ್ತಾರೆ? ನಿನ್ನೆಯೂ ಬದನೆಕಾಯಿ, ಇವತ್ತೂ ಬದನೆಕಾಯಿ ಆದರೆ ಎರಡನ್ನೂ ಪಕ್ಕ ಪಕ್ಕ ಇಟ್ಟ ಕೂಡಲೇ ಗೊತ್ತಾಗುತ್ತದೆ.

ನೇರಳೆ ಕಡಲೆ, ಸುರಪುರ

ನಡುವೆ ಬಂದಿದ್ದಕ್ಕೆ ಸಿಟ್ಟಾಗಬೇಡಿ. ನಕಲು ಮಾಡಿ ಕಲಿಯುವುದರ ಬಗ್ಗೆ ಯಾರೂ ಹೇಳಿಲ್ಲ. ನಮ್ಮ ಸುರಪುರದಲ್ಲಿ ನಾಯಕ ಅರಸರ ಕಾಲದಲ್ಲಿ ಚಿತ್ರ ಬರೆಯುವ ದೊಡ್ಡ ಪರಂಪರೆಯೇ ಇತ್ತು. ದೇವರ ಚಿತ್ರ, ಬಂಗಾರದ ಕೆಲಸ, ಕೂದಲೆಳೆಯಂಥ ಗೆರೆ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ಬಂಡಾಯ ಸೋತು ಸಂಸ್ಥಾನ ಹೋಯಿತು, ಕಲೆಗಾರರಿಗೆ ಆಸರೆಯೂ ಹೋಯಿತು. ಅಂಥ ಚಿತ್ರವನ್ನು ಮುಂದಿಟ್ಟುಕೊಂಡು ಗೆರೆ ಗೆರೆಯಾಗಿ ತಿದ್ದುವುದು ಕಳ್ಳತನವಲ್ಲ, ಪಾಠ. ಯಾವ ಗೆರೆ ದಪ್ಪ, ಯಾವುದು ತೆಳು, ಕಣ್ಣಿನ ರೆಪ್ಪೆ ಎಲ್ಲಿ ಸುರು ಎಲ್ಲಿ ಮುಗಿಯುತ್ತದೆ, ಎಲ್ಲ ಕೈಗೆ ಬರುತ್ತದೆ.

ಯೂಟ್ಯೂಬ್ ನೋಡುತ್ತಾ ಅವರು ಹಚ್ಚಿದ ಹಾಗೆ ಹಚ್ಚುವುದು ಬೇರೆ. ಅಲ್ಲಿ ನೋಡುವ ಕೆಲಸ ಅವರೇ ಮಾಡಿ ಮುಗಿಸಿರುತ್ತಾರೆ. ನಮ್ಮದು ಬರೀ ಕೈ. ಚಿತ್ರ ಮಸ್ತ್ ಬರುತ್ತದೆ, ಮನೆಯವರು ಹೊಗಳುತ್ತಾರೆ. ಮರುದಿನ ಕಿಟಕಿಯಾಚೆ ಬೇವಿನ ಮರ ನೋಡಿ ಬಿಡಿಸಲು ಕೂತರೆ ಏನೂ ತೋಚುವುದಿಲ್ಲ. ಹಾಗಂತ ನೋಡಲೇಬೇಡಿ ಅನ್ನುವುದಿಲ್ಲ. ಒಂದು ದಿನ ವಿಡಿಯೋ ನೋಡಿ ಮಾಡಿ, ಮರುದಿನ ಅದೇ ಚಿತ್ರವನ್ನು ವಿಡಿಯೋ ಇಲ್ಲದೆ ಮಾಡಿ. ಎಲ್ಲಿ ಕೈ ನಿಲ್ಲುತ್ತದೋ ಅಷ್ಟು ಇನ್ನೂ ನಿಮ್ಮದಾಗಿಲ್ಲ ಅಂತ ತಿಳಿಯಿರಿ.

ರಾತ್ರಿ ಪಾಳಿ, ಬೀದರ್

ಒಂದು ಪ್ರಶ್ನೆ. ನನಗೆ ಪಾಳಿ ಕೆಲಸ. ಒಂದು ವಾರ ಮುಂಜಾನೆ, ಒಂದು ವಾರ ರಾತ್ರಿ. ದಿನಾ ಒಂದೇ ಹೊತ್ತು ಅಂದರೆ ಆಗುವುದಿಲ್ಲ. ಎರಡು ದಿನ ತಪ್ಪಿದರೆ ಮೂರನೇ ದಿನ ಕೂಡಲು ಮನಸ್ಸೇ ಬರುವುದಿಲ್ಲ. ನಮ್ಮಂಥವರು ಏನು ಮಾಡಬೇಕು?

ತೊಗರಿಬ್ಯಾಳಿ, ಶಹಾಬಾದ್

ಹೊತ್ತು ಬಿಡಿ, ಜಾಗ ಇಟ್ಟುಕೊಳ್ಳಿ. ಸಾಮಾನು ಕಪಾಟಿನೊಳಗೆ ಇದ್ದರೆ ತೆಗೆಯುವುದರಲ್ಲೇ ಸಾಕಾಗುತ್ತದೆ. ನನ್ನದು ಹಳೇ ಮಿಠಾಯಿ ಡಬ್ಬಿ. ಒಳಗೆ ಮೂರು ಬಣ್ಣ, ಎರಡು ಬ್ರಷ್, ಕತ್ತರಿಸಿದ ಪೇಪರ್, ಒಂದು ಹಳೇ ಬನಿಯನ್ ತುಂಡು. ಅಡಿಗೆ ಮನೆಯ ಕಟ್ಟೆಯ ಮೇಲೇ ಇರುತ್ತದೆ. ಕುಕ್ಕರ್ ಇಟ್ಟು ಸೀಟಿ ಆಗುವವರೆಗೂ ಒಂದು ಮೆಣಸಿನಕಾಯಿ ಬಿಡಿಸಬಹುದು.

ಪೂರ್ತಿ ದಣಿದ ದಿನ ಚಿತ್ರ ಬೇಡ, ಸರ್ ಹೇಳಿದ ಐದು ಚೌಕ ಹಚ್ಚಿ ಮಲಗಿ. ಮತ್ತೆ ತಪ್ಪಿದ ದಿನದ ಬಾಕಿ ತೀರಿಸಲು ಹೋಗಬೇಡಿ. ಭಾನುವಾರ ಕೂತು ನಾಲ್ಕು ದಿನದ್ದು ಒಟ್ಟಿಗೆ ಮಾಡುವವರು ಸುಮ್ನೆ ಪೇಪರ್ ದಂಡ ಮಾಡುತ್ತಾರೆ.

ಭೀಮಾ ದಂಡೆ, ಅಫಜಲಪುರ

ರಾಡಿ ಆಗುವ ಬಗ್ಗೆ ಯಾರೂ ಪೂರ್ತಿ ಹೇಳಿಲ್ಲ, ನಾನು ಹೇಳುತ್ತೇನೆ. ಕಾರಣ ಮೂರು. ಒಂದು, ಬ್ರಷ್ ತೊಳೆಯುವ ನೀರು ಮತ್ತು ಬಣ್ಣ ಕಲಸುವ ನೀರು ಒಂದೇ ಆಗಿರುವುದು. ಎರಡು ಡಬ್ಬಿ ಇಡಿ. ಎರಡು, ಅರ್ಧ ಒಣಗಿದ ಬಣ್ಣದ ಮೇಲೆ ಮತ್ತೆ ಮತ್ತೆ ಉಜ್ಜುವುದು. ಮೂರು, ಮೂರು ನಾಲ್ಕು ಬಣ್ಣ ಒಟ್ಟಿಗೆ ಕಲಸುವುದು. ಹಳದಿ, ಕೆಂಪು, ನೀಲಿ ಮೂರೂ ಸೇರಿದರೆ ಬೂದಿ ಕಂದು ಆಗಲೇಬೇಕು. ನೇರಳೆ ಬೇಕಾದಾಗಲೂ ಇದೇ ಆಗುತ್ತದೆ. ಕಿತ್ತಳೆ ಛಾಯೆಯ ಕೆಂಪಿನಲ್ಲಿ ಹಳದಿಯ ಅಂಶ ಇರುತ್ತದೆ. ಅದಕ್ಕೆ ನೀಲಿ ಹಾಕಿದರೆ ಮೂರೂ ಸೇರಿದ ಹಾಗೇ. ಬದನೆಕಾಯಿಗೆ ಕ್ರಿಮ್ಸನ್ ಕೆಂಪು ಮತ್ತು ಅಲ್ಟ್ರಾಮರೀನ್ ನೀಲಿ ಕಲಸಿ ನೋಡಿ, ಸ್ವಚ್ಛ ನೇರಳೆ ಬರುತ್ತದೆ.

ಹಸಿರಿಗೂ ಹಾಗೇ. ಲೆಮನ್ ಯೆಲ್ಲೋ ಜೊತೆ ಪ್ರಶ್ಯನ್ ಬ್ಲೂ ಹಾಕಿದರೆ ಮಳೆ ಬಿದ್ದ ಮೇಲಿನ ಎಳೆ ಹಸಿರು. ಯೆಲ್ಲೋ ಓಕರ್ (ಮಣ್ಣಿನ ಹಳದಿ) ಜೊತೆ ಅಲ್ಟ್ರಾಮರೀನ್ ಹಾಕಿದರೆ ಧೂಳು ಕೂತ ಜಾಲಿಯ ಹಸಿರು. ನಮ್ಮ ಸೀಮೆಗೆ ವರ್ಷದಲ್ಲಿ ಮುಕ್ಕಾಲು ಪಾಲು ಎರಡನೆಯದೇ ಬೇಕು.

ಹೊಲ ಬಿಡಿಸುವವರಿಗೆ ನನ್ನ ಅಚ್ಚುಮೆಚ್ಚಿನ ಜೋಡಿ ಅಲ್ಟ್ರಾಮರೀನ್ ಮತ್ತು ಬರ್ಂಟ್ ಸಿಯೆನಾ ಅನ್ನುವ ಕೆಂಗಂದು. ಕಪ್ಪು ಟ್ಯೂಬನ್ನು ಮುಟ್ಟಲೇಬೇಡಿ. ಈ ಎರಡನ್ನೇ ಗಟ್ಟಿಯಾಗಿ ಕಲಸಿದರೆ ಕಪ್ಪಿನ ಹತ್ತಿರ ಬರುತ್ತದೆ. ನೀಲಿ ಸ್ವಲ್ಪ ಜಾಸ್ತಿ ಆದರೆ ಮಳೆಯಲ್ಲಿ ತೋಯ್ದ ಎರೆಮಣ್ಣು. ಸಿಯೆನಾ ಜಾಸ್ತಿ ಆದರೆ ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆಮಣ್ಣು. ನೀರು ಜಾಸ್ತಿ ಹಾಕಿದರೆ ಶಹಾಬಾದ್ ಫರಸಿಯ ಬೂದಿ. ಸಿಯೆನಾ ಒಂದನ್ನೇ ಹಚ್ಚಿ, ಮೇಲೆ ಚೂರು ಕ್ರಿಮ್ಸನ್ ಬಿಟ್ಟರೆ ಬೀದರಿನ ಕೆಂಪು ಜಂಬಿಟ್ಟಿಗೆ. ಇಷ್ಟೆಲ್ಲ ಎರಡು ಮೂರು ಟ್ಯೂಬಿನಲ್ಲಿ. ತೊಗರಿ ಹೂ ಬಿಟ್ಟ ಹೊಲಕ್ಕೆ ಮಾತ್ರ ಹಳದಿ ಬೇಕು, ಅದನ್ನು ಮೊದಲೇ ಹಚ್ಚಬೇಕು, ಹಸಿರಿನ ಮೇಲೆ ಆಮೇಲೆ ಕೂರುವುದಿಲ್ಲ.

ಆಕಾಶ ನೀಲಿ ಅಂತ ನಾವು ಶಾಲೆಯಲ್ಲಿ ಕಲಿತದ್ದನ್ನೇ ಹಚ್ಚುತ್ತೇವೆ. ಮೇ ತಿಂಗಳ ಮಧ್ಯಾಹ್ನ ತಲೆ ಎತ್ತಿ ನೋಡಿ. ನೀಲಿ ಎಲ್ಲಿದೆ? ನೆತ್ತಿಯ ಮೇಲೆ ಸ್ವಲ್ಪ. ಕೆಳಗೆ ಇಳಿದಂತೆ ಬಿಳಿಚಿ ಧೂಳಿನ ಬಣ್ಣ. ಅಲ್ಲಿ ತೆಳು ಓಕರ್ ಹಚ್ಚಿದರೆ ಸಾಕು, ಬಿಸಿಲು ತಾನಾಗಿ ಬರುತ್ತದೆ.

ಬೋರ್ಡ್ ಕಾಕಾ, ಯಾದಗಿರಿ

ಭೀಮಾ ದಂಡೆಯವರ ಮಾತು ಓದಿ ಬಾಯಲ್ಲಿ ನೀರು ಬಂತು. ಒಂದು ಸೇರಿಸುತ್ತೇನೆ. ಕ್ರಿಮ್ಸನ್ ಹಚ್ಚಿದ ಚಿತ್ರ ಬಿಸಿಲು ಬೀಳುವ ಗೋಡೆಗೆ ತೂಗು ಹಾಕಬೇಡಿ. ಬೋರ್ಡಿನಲ್ಲೂ ಮೊದಲು ಮಾಸುವುದು ಕೆಂಪೇ. ಊರಲ್ಲಿ ಹಳೇ ಬೋರ್ಡ್ ಇದ್ದರೆ ನೋಡಿ, ನೀಲಿ ಅಕ್ಷರ ಉಳಿದಿರುತ್ತದೆ, ಕೆಂಪು ಅಕ್ಷರದ ಜಾಗ ಓದಲಿಕ್ಕೆ ಬರುವುದಿಲ್ಲ.

ಕರಿಮಣ್ಣು, ಕಲಬುರಗಿ

ಮಳೆಗಾಲ ಬಂತು, ಹೇಳಿ ಹೋಗೋಣ ಅಂತ ಬಂದೆ. ಒಂದೇ ಬಣ್ಣದಲ್ಲಿ ಬದನೆಕಾಯಿ ಸುರು ಮಾಡಿದೆ. ಮೊದಲ ವಾರ ಬೇಸರ ಬಂದಿದ್ದು ಖರೆ. ಆಮೇಲೆ ಬೇರೆ ಏನೋ ಆಯಿತು. ಕಾಯಿಯ ನೆರಳಿನ ಭಾಗದ ತುದಿಯಲ್ಲಿ ಒಂದು ತೆಳು ಬೆಳಕಿನ ಅಂಚು ಇದೆ ಅಂತ ಕಂಡಿತು. ಮೇಜಿನ ಮೇಲೆ ಬಿದ್ದ ಬೆಳಕು ತಿರುಗಿ ಕಾಯಿಗೆ ಹೊಡೆಯುತ್ತದೆ. ಅದು ಮೊದಲಿನಿಂದಲೂ ಇತ್ತು, ನನಗೆ ಕಂಡಿರಲಿಲ್ಲ. ಅದನ್ನು ಹಾಕಿದ ಮೇಲೆ ಕಾಯಿ ಪೇಪರಿನಿಂದ ಎದ್ದಿತು. ಮಗಳು ಬಂದು ‘ಪಪ್ಪಾ, ಇದು ಬದನೆಕಾಯಿ’ ಅಂದಳು. ಮೊದಲು ಕೇಳುತ್ತಿದ್ದಳು, ‘ಇದೇನು’ ಅಂತ.

ಪ್ರತಿ ಪೇಪರಿನ ಹಿಂದೆ ತಾರೀಕು ಬರೆದಿದ್ದೇನೆ. ಸಾಲಾಗಿ ಜೋಡಿಸಿದರೆ ಫರಕು ಕಾಣುತ್ತದೆ. ಈಗ ಬಣ್ಣಕ್ಕೆ ಬಂದಿದ್ದೇನೆ, ಮೂರೇ ಟ್ಯೂಬು. ಲಾಸ್ಟ್ ಬೆಂಚ್ ತಮ್ಮ ಹೇಳಿದ್ದನ್ನೂ ಬಿಟ್ಟಿಲ್ಲ. ವಾರಕ್ಕೆ ಒಂದು ದಿನ ಮನಸ್ಸಿಗೆ ಬಂದದ್ದು, ಅದು ಕೆಟ್ಟರೂ ಚಿಂತೆ ಇಲ್ಲ. ಆ ದಿನ ಇಲ್ಲದಿದ್ದರೆ ಬದನೆಕಾಯಿ ಇಷ್ಟು ದೂರ ಬರುತ್ತಿರಲಿಲ್ಲ ಅನ್ನಿಸುತ್ತದೆ.

ಈಗಿನ ತೊಡಕು ಗುಮ್ಮಟ. ಬಹಮನಿ ಸುಲ್ತಾನರ ಗೋರಿಗಳಿರುವ ಹಫ್ತ್ ಗುಂಬಜ್ ಕಡೆ ಹೋಗಿ ಕೂತಿದ್ದೆ. ಗುಮ್ಮಟದ ಬೆಳಕಿಗೂ ನೆರಳಿಗೂ ನಡುವೆ ಚಾಕುವಿನಲ್ಲಿ ಕೊಯ್ದ ಹಾಗೆ ಗೆರೆ ಬರುತ್ತದೆ. ದುಂಡು ಕಾಣುವುದಿಲ್ಲ, ಎರಡು ಹಲಗೆ ಜೋಡಿಸಿದ ಹಾಗೆ ಕಾಣುತ್ತದೆ.

ಲಾಸ್ಟ್ ಬೆಂಚ್, ಕಲಬುರಗಿ

ಅಣ್ಣಾ, ಖುಷಿಯಾಯಿತು. ನಾನೂ ಗುಟ್ಟಾಗಿ ನಮ್ಮ ಹಾಸ್ಟೆಲ್ ಕಿಟಕಿಯ ನೀರಿನ ಟಾಕಿಯನ್ನು ದಿನಾ ಬಿಡಿಸುತ್ತಿದ್ದೇನೆ. ಯಾರಿಗೂ ಹೇಳಬೇಡಿ.

ಡ್ರಾಯಿಂಗ್ ಮೇಷ್ಟ್ರು, ಸೇಡಂ

ಗುಮ್ಮಟಕ್ಕೆ ಎರಡು ಬ್ರಷ್ ಬೇಕು. ಒಂದರಲ್ಲಿ ಬಣ್ಣ, ಇನ್ನೊಂದರಲ್ಲಿ ಬರೀ ನೀರು. ನೀರಿನ ಬ್ರಷ್ಷನ್ನು ಬಟ್ಟೆಗೆ ಒತ್ತಿ, ತೇವ ಮಾತ್ರ ಉಳಿಯಲಿ, ಹನಿ ಇಳಿಯಬಾರದು. ನೆರಳನ್ನು ಹಚ್ಚಿದ ಕೂಡಲೇ, ಒಣಗುವ ಮುಂಚೆ, ಬೆಳಕಿನ ಕಡೆಯ ಅಂಚಿಗೆ ಆ ತೇವದ ಬ್ರಷ್ ಒಂದೇ ಸಲ ಎಳೆದು ಬಿಡಿ. ಬಣ್ಣ ತಾನಾಗಿ ಹರಡಿ ಕರಗುತ್ತದೆ. ಎರಡನೇ ಸಲ ಮುಟ್ಟಬೇಡಿ. ಹೊರಗಿನ ಅಂಚು, ಆಕಾಶಕ್ಕೆ ತಾಗುವ ಕಡೆ, ಚೂಪಾಗಿಯೇ ಇರಲಿ. ಒಳಗೆ ಮೆತ್ತಗೆ, ಹೊರಗೆ ಚೂಪು. ನಿಮ್ಮ ಬದನೆಕಾಯಿಗೂ ಇದೇ ಲೆಕ್ಕ, ಅಲ್ಲಿ ಮಾಡಿ ನೋಡಿ ಆಮೇಲೆ ಗುಮ್ಮಟಕ್ಕೆ ಹೋಗಿ.

ಇನ್ನೊಂದು, ನಡು ಮಧ್ಯಾಹ್ನ ಹೋಗಬೇಡಿ. ಬಿಸಿಲು ನೆತ್ತಿಯ ಮೇಲಿದ್ದರೆ ಗುಮ್ಮಟಕ್ಕೆ ನೆರಳೇ ಇರುವುದಿಲ್ಲ. ಮುಂಜಾನೆ ಎಂಟರ ಒಳಗೆ ಆಗಬೇಕು. ಕೋಟೆಯೊಳಗಿನ ಜಾಮಿ ಮಸೀದಿಯೂ ಒಳ್ಳೆಯ ಪಾಠ. 1367ರ ಕಟ್ಟಡ, ನಡುವೆ ತೆರೆದ ಅಂಗಳವಿಲ್ಲ, ಪೂರ್ತಿ ಮೇಲ್ಛಾವಣಿ. ಹೊರಗೆ ಸಣ್ಣ ಗುಮ್ಮಟಗಳ ಸಾಲು, ಒಳಗೆ ಕಮಾನಿನ ಹಿಂದೆ ಕಮಾನು. ಹತ್ತಿರದ ಕಮಾನು ಕಡು, ದೂರದ್ದು ತಿಳಿ. ಒಂದೇ ಬಣ್ಣದಲ್ಲಿ ಐದು ಮಟ್ಟ ಹಚ್ಚುವುದನ್ನು ಕಲಿತವರಿಗೆ ಅಲ್ಲಿ ಹೊಸದಾಗಿ ಕಲಿಯುವುದು ಜಾಸ್ತಿ ಇಲ್ಲ.

ತೊಗರಿಬ್ಯಾಳಿ, ಶಹಾಬಾದ್

ಸರ್, ಹಾಗಾದರೆ ಬರುವ ಭಾನುವಾರ ಎಲ್ಲರೂ ಕೋಟೆಯಲ್ಲೇ ಸೇರೋಣ. ನಾನು 6:30ರ ಒಳಗೆ ಅಲ್ಲಿರುತ್ತೇನೆ. ಪೇಪರ್ ಕತ್ತರಿಸಿ ಜಾಸ್ತಿ ತರುತ್ತೇನೆ. ಕೂಡಲು ಚಾಪೆ, ಬಣ್ಣದ ನೀರಿಗೆ ಬಾಟಲಿ ನೀವೇ ತನ್ನಿ.

ಬೋರ್ಡ್ ಕಾಕಾ, ಯಾದಗಿರಿ

ಮೊದಲ ಗಾಡಿಗೆ ಹೊರಟರೂ ಮುಟ್ಟುವುದು ತಡ ಆಗುತ್ತದೆ. ಶನಿವಾರ ರಾತ್ರಿಯೇ ಬಂದು ಅಳಿಯನ ಮನೆಯಲ್ಲಿ ಉಳಿಯುತ್ತೇನೆ. ಪೋಸ್ಟರ್ ಕಲರೇ ತರುತ್ತೇನೆ, ಮೇಷ್ಟ್ರು ಬೈಯಬಾರದು.

ಕರಿಮಣ್ಣು, ಕಲಬುರಗಿ

ಬರ್ರಿ ಕಾಕಾ. ಸರ್, ತೇವದ ಬ್ರಷ್ಷಿಗೆ ಸಿಂಥೆಟಿಕ್ ಆರನೇ ನಂಬರ್ ಸಾಕಾ, ಇನ್ನೂ ದೊಡ್ಡದು ಬೇಕಾ?

ಡ್ರಾಯಿಂಗ್ ಮೇಷ್ಟ್ರು, ಸೇಡಂ

ನಿಮ್ಮ ತುಂಡು ಪೇಪರಿಗೆ ಆರು ಸಾಕು. ಹೊಸದು ಕೊಳ್ಳಬೇಡಿ.